ಕೈಯಲ್ಲಿ ಹಿಡಿದು ಆಡುವ ಫುಟ್‌ಬಾಲ್: ಸ್ವಿಚ್‌ನ ‘ಫಿಫಾ 18’ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಫುಟ್‌ಬಾಲ್ ಹುಚ್ಚು ಇರುವವರು ನಿಂಟೆಂಡೊ ಸ್ವಿಚ್ (ಕೈಯಲ್ಲಿ ಹಿಡಿದೋ ಟಿವಿಗೆ ಹಾಕಿಯೋ ಆಡುವ ಗೇಮ್ ಯಂತ್ರ) ಕೊಂಡ ತಕ್ಷಣ ಎರಡು ಪ್ರಶ್ನೆ ಕೇಳುತ್ತಾರೆ. ಇದರಲ್ಲಿ ಫಿಫಾ ಬರುತ್ತಾ? ಚೆನ್ನಾಗಿದೆಯಾ? ಮೊದಲನೆಯದಕ್ಕೆ ಹೌದು ಅಂದು ಮುಗಿಸಬಹುದು. ಎರಡನೆಯದಕ್ಕೆ ಸ್ವಲ್ಪ ಕೂತು ಮಾತಾಡಬೇಕು.

ಇದು ಯಾವ ಆಟ? ಯಾವಾಗ ಬಂತು?

ಇಎ ಅನ್ನುವ ಗೇಮ್ ಕಂಪನಿಯ ಕ್ರೀಡಾ ವಿಭಾಗ ಇಎ ಸ್ಪೋರ್ಟ್ಸ್‌ನ ‘ಫಿಫಾ 18’. 2017ರ ಸೆಪ್ಟೆಂಬರ್ 29ರಂದು ಪಿಎಸ್4, ಎಕ್ಸ್‌ಬಾಕ್ಸ್ ಒನ್, ಪಿಸಿ ಜೊತೆಗೇ ಸ್ವಿಚ್‌ಗೂ ಬಂತು. ಸ್ವಿಚ್ ಯಂತ್ರ ಮಾರುಕಟ್ಟೆಗೆ ಬಂದಿದ್ದೇ ಅದೇ ವರ್ಷ ಮಾರ್ಚ್ 3ಕ್ಕೆ. ಅಂದರೆ ಏಳು ತಿಂಗಳೊಳಗೆ ಫುಟ್‌ಬಾಲ್ ಸಿಕ್ಕಿತು. ಡಬ್ಬದ ಮೇಲೆ ಕ್ರಿಸ್ಟಿಯಾನೊ ರೊನಾಲ್ಡೊ ಇದ್ದಾನೆ.

ಒಂದು ಫುಟ್‌ಬಾಲ್ ಆಟಕ್ಕೆ ಜನ ಯಾಕೆ ಅಷ್ಟು ಕಾದಿದ್ದರು?

ನಿಂಟೆಂಡೊ ಇಟ್ಟುಕೊಂಡವರು ಅದಕ್ಕೂ ಮೊದಲು ಒಮ್ಮೆ ಪೆಟ್ಟು ತಿಂದಿದ್ದರು. 2011ರಲ್ಲಿ ವೀ ಯು ಯಂತ್ರವನ್ನು ತೋರಿಸಿದಾಗ ಇಎಯ ಮುಖ್ಯಸ್ಥರೇ ನಿಂಟೆಂಡೊ ವೇದಿಕೆಗೆ ಬಂದು, ನಾವಿಬ್ಬರೂ ಹಿಂದೆಂದೂ ಇಲ್ಲದ ಹಾಗೆ ಒಟ್ಟಿಗೆ ಕೆಲಸ ಮಾಡುತ್ತೇವೆ ಅನ್ನುವ ಅರ್ಥದ ಮಾತು ಕೊಟ್ಟು ಹೋದರು. 2012ರಲ್ಲಿ ವೀ ಯುಗೆ ಫಿಫಾ 13 ಬಂತು. ಮಾರನೇ ವರ್ಷ? ಬರಲಿಲ್ಲ. ಅದರ ಮುಂದಿನ ವರ್ಷವೂ ಇಲ್ಲ. ಮಾತು ಅಲ್ಲಿಗೇ ನಿಂತಿತು.

ಹಾಗಾಗಿ 2017ರ ಜನವರಿಯಲ್ಲಿ ಟೋಕಿಯೊದಲ್ಲಿ ಸ್ವಿಚ್ ಪರಿಚಯಿಸಿದ ದಿನ, ಇಎಯ ಪ್ಯಾಟ್ರಿಕ್ ಸೋಡರ್‌ಲಂಡ್ ವೇದಿಕೆ ಹತ್ತಿ ಫಿಫಾ ಬರುತ್ತದೆ ಅಂದಾಗ, ಅರ್ಧ ಜನ ಚಪ್ಪಾಳೆ ತಟ್ಟಿದರೆ ಇನ್ನರ್ಧ ಜನ ‘ನೋಡೋಣ’ ಅಂದುಕೊಂಡರು. ಬಿಸಿ ಹಾಲು ಕುಡಿದ ಬೆಕ್ಕು ಮಜ್ಜಿಗೆಯನ್ನೂ ಊದಿ ಕುಡಿಯುತ್ತದಲ್ಲ, ಹಾಗೆ.

ಇನ್ನೊಂದು ಕಾರಣವೂ ಇತ್ತು. ಆ ಹೊತ್ತಿಗೆ ಕೈಯಲ್ಲಿ ಹಿಡಿದು ಆಡುವ ಯಂತ್ರಗಳಲ್ಲಿ ಒಳ್ಳೆ ಫುಟ್‌ಬಾಲ್ ಆಟಕ್ಕೆ ಬರ ಬಂದಿತ್ತು. ಸೋನಿಯ ಪಿಎಸ್ ವೀಟಾಕ್ಕೆ 2012ರಲ್ಲಿ ‘ಫಿಫಾ ಫುಟ್‌ಬಾಲ್’ ಬಂದಾಗ ಜನ ಬೆರಗಾಗಿದ್ದರು. ಯಂತ್ರದ ಬೆನ್ನಿನ ಮೇಲಿರುವ ಟಚ್ ಪ್ಯಾಡ್‌ನ್ನೇ ಗೋಲ್ ಪೆಟ್ಟಿಗೆ ಅಂದುಕೊಂಡು, ಬೇಕಾದ ಮೂಲೆಯನ್ನು ಬೆರಳಲ್ಲಿ ಮುಟ್ಟಿದರೆ ಚೆಂಡು ಅದೇ ಮೂಲೆಗೆ ಹೋಗುತ್ತಿತ್ತು. ಸುಮ್ನೆ ಹಿಡಿದುಕೊಂಡಾಗ ಬೆರಳು ತಾಗಿ, ಹೊಡೆಯಬಾರದ ಕಡೆ ಹೊಡೆದುಬಿಡುವುದೂ ಇತ್ತು ಬಿಡಿ. ಆದರೆ ಅದೇ ವರ್ಷದ ಕೊನೆಗೆ ವೀಟಾಕ್ಕೆ ಬಂದ ಫಿಫಾ 13, ಹಳೆಯದಕ್ಕೇ ಹೊಸ ಆಟಗಾರರ ಪಟ್ಟಿ ಅಂಟಿಸಿದ ಹಾಗಿದೆ ಅಂತ ಬೈಸಿಕೊಂಡಿತು. ಫಿಫಾ 15ರ ಆಚೆಗೆ ವೀಟಾಕ್ಕೂ ಇಲ್ಲ, ನಿಂಟೆಂಡೊ 3ಡಿಎಸ್‌ಗೂ ಇಲ್ಲ. ಈ ‘ಪಟ್ಟಿ ಅಂಟಿಸುವ’ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸ್ವಿಚ್‌ದೂ ಪಿಎಸ್4ದೂ ಒಂದೇ ಆಟಾನಾ?

ಅಲ್ಲ. ಹೆಸರು ಒಂದೇ, ಹೊಟ್ಟೆಯೊಳಗೆ ಬೇರೆ. ಪಿಎಸ್4 ಆವೃತ್ತಿ ಫ್ರಾಸ್ಟ್‌ಬೈಟ್ ಅನ್ನುವ ಎಂಜಿನ್ (ಆಟ ಕಟ್ಟಲು ಅಡಿಪಾಯವಾಗುವ ಸಾಫ್ಟ್‌ವೇರ್) ಮೇಲೆ ಓಡುತ್ತದೆ. ಆ ಎಂಜಿನ್ ಫಿಫಾ ಸರಣಿಗೆ ಬಂದಿದ್ದು ಹಿಂದಿನ ವರ್ಷ, ಫಿಫಾ 17ರಲ್ಲಿ. ಅದು ಆಗ ಸ್ವಿಚ್‌ನಲ್ಲಿ ಇರಲಿಲ್ಲ. ಹಾಗಾಗಿ ಸ್ವಿಚ್‌ಗೆ ಅಂತಲೇ ಬೇರೆ ಎಂಜಿನ್‌ನಲ್ಲಿ ಆಟ ಕಟ್ಟಿದರು. ಹಾಸಿಗೆ ಇದ್ದಷ್ಟು ಕಾಲು ಚಾಚಿದರು ಅನ್ನಿ.

ಅಲೆಕ್ಸ್ ಹಂಟರ್ ಕಥೆ ಇದೆಯಾ?

ಇಲ್ಲ. ಹಂಟರ್ ಅನ್ನುವ ಕಾಲ್ಪನಿಕ ಆಟಗಾರನ ಬದುಕಿನ ‘ದಿ ಜರ್ನಿ’ ಅನ್ನುವ ಆ ಕಥೆಯ ಭಾಗ ಫ್ರಾಸ್ಟ್‌ಬೈಟ್ ಮೇಲೆಯೇ ನಿಂತಿರುವುದು. ಎಂಜಿನ್ ಇಲ್ಲ, ಹಂಟರ್ ಇಲ್ಲ. ಸ್ವಿಚ್ ಆವೃತ್ತಿ ಬಗ್ಗೆ ಜನ ಅತಿ ಹೆಚ್ಚು ಗೊಣಗಿದ್ದು ಇದಕ್ಕೇ. ನನಗೇನೋ ಅದು ಅಷ್ಟು ದೊಡ್ಡ ನಷ್ಟ ಅನ್ನಿಸಲಿಲ್ಲ. ಪಂದ್ಯ ಆಡೋಣ ಅಂತ ಕೂತರೆ ಅವನ ಸಂಸಾರದ ಮಾತುಕತೆ ಕೇಳಬೇಕು. ಆದರೆ ಕಥೆಗೋಸ್ಕರವೇ ಫಿಫಾ ಆಡುವವರೂ ಇದ್ದಾರೆ. ಅವರಿಗೆ ಇದು ಪಾಯಸ ಬಡಿಸದೆ ಎಲೆ ಎತ್ತಿದ ಹಾಗೆ.

ಹಾಗಾದ್ರೆ ಏನಿದೆ?

ಪಂದ್ಯ, ಟೂರ್ನಮೆಂಟ್, ಮ್ಯಾನೇಜರ್ ಆಗಿಯೋ ಆಟಗಾರನಾಗಿಯೋ ವರ್ಷಗಟ್ಟಲೆ ಆಡುವ ಕರಿಯರ್ ಮೋಡ್, ಆನ್‌ಲೈನ್ ಸೀಸನ್ಸ್, ಅಲ್ಟಿಮೇಟ್ ಟೀಮ್. ಕರಿಯರ್ ಮೋಡ್ ಕೈಯಲ್ಲಿ ಹಿಡಿದು ಆಡಲು ಹೇಳಿ ಮಾಡಿಸಿದ ಹಾಗಿದೆ. ಒಂದು ಪಂದ್ಯ ಆಡಿ, ಪವರ್ ಬಟನ್ ಒತ್ತಿ ಯಂತ್ರ ಮಲಗಿಸಿದರೆ, ಮಾರನೇ ದಿನ ಅಲ್ಲಿಂದಲೇ ಎಬ್ಬಿಸಬಹುದು. ಆದರೆ ಆ ವರ್ಷ ಬೇರೆ ಯಂತ್ರಗಳಲ್ಲಿ ಬಂದ ಹೊಸತನ, ಅಂದರೆ ಆಟಗಾರನನ್ನು ಕೊಳ್ಳುವಾಗ ಎದುರು ಕ್ಲಬ್‌ನವರ ಜೊತೆ ಕೂತು ಚೌಕಾಸಿ ಮಾಡುವ ದೃಶ್ಯಗಳು, ಇಲ್ಲಿ ಇಲ್ಲ. ಹತ್ತಾರು ಜನ ಸೇರಿ ಒಂದೇ ತಂಡವಾಗಿ ಆಡುವ ಪ್ರೋ ಕ್ಲಬ್ಸ್ ಕೂಡ ಇಲ್ಲ.

ಅಲ್ಟಿಮೇಟ್ ಟೀಮ್ ಅಂದರೇನು? ನನ್ನ ಮಗ ಅದಕ್ಕೆ ದುಡ್ಡು ಕೇಳ್ತಿದ್ದಾನೆ.

ಚಿಕ್ಕಂದಿನಲ್ಲಿ ಬಬಲ್‌ಗಮ್ ಪೊಟ್ಟಣದೊಳಗೆ ಕ್ರಿಕೆಟ್ ಆಟಗಾರರ ಚಿತ್ರ ಸಿಗುತ್ತಿತ್ತಲ್ಲ, ಅದೇ ಲೆಕ್ಕ. ಪ್ಯಾಕ್ ಒಡೆದರೆ ಒಳಗೆ ಯಾವ ಆಟಗಾರ ಇದ್ದಾನೋ ಗೊತ್ತಿಲ್ಲ. ಸಿಕ್ಕವರನ್ನು ಸೇರಿಸಿ ತಂಡ ಕಟ್ಟಬೇಕು, ಬೇಡದವರನ್ನು ಮಾರಬೇಕು. ಪ್ಯಾಕನ್ನು ಆಡಿ ಗಳಿಸಿದ ನಾಣ್ಯಕ್ಕೂ ಕೊಳ್ಳಬಹುದು, ನಿಜವಾದ ದುಡ್ಡಿಗೂ ಕೊಳ್ಳಬಹುದು. ತೊಂದರೆ ಇರುವುದು ಎರಡನೆಯದರಲ್ಲಿ. ಬೆಲ್ಜಿಯಂ ಸರ್ಕಾರ ಇದನ್ನು ಜೂಜು ಅಂತ ಹಿಡಿದುಕೊಂಡಿದ್ದರಿಂದ, 2019ರ ಜನವರಿಯಲ್ಲಿ ಇಎ ಆ ದೇಶದಲ್ಲಿ ಫಿಫಾ ಪಾಯಿಂಟ್ಸ್ (ಪ್ಯಾಕ್ ಕೊಳ್ಳಲು ನಿಜವಾದ ದುಡ್ಡಿಗೆ ಸಿಗುವ ಪಾಯಿಂಟ್) ಮಾರುವುದನ್ನೇ ನಿಲ್ಲಿಸಿತು.

ಮಗನಿಗೆ ಏನು ಹೇಳಬೇಕು ಅಂದರೆ: ಆಟಕ್ಕೆ ಒಮ್ಮೆ ದುಡ್ಡು ಕೊಟ್ಟಾಗಿದೆ, ಇನ್ನು ಬೆವರು ಸುರಿಸಿ ಗಳಿಸು. ಕಾರ್ಡ್ ವಿವರವನ್ನು ಯಂತ್ರದಲ್ಲಿ ಉಳಿಸಿ ಇಡಬೇಡಿ. ಇಷ್ಟು ಮಾಡಿದರೆ ಸಾಕು.

ಆಡೋಕೆ ಹೇಗಿದೆ?

ಇಲ್ಲಿ ಸ್ವಲ್ಪ ಜಾಸ್ತಿ ಹೇಳಲೇಬೇಕು, ಯಾಕೆಂದರೆ ಬಿಟ್ಟುಹೋದವುಗಳ ಪಟ್ಟಿ ಓದಿ ಎಷ್ಟೋ ಜನ ಆಟವನ್ನೇ ಮುಟ್ಟಲಿಲ್ಲ.

ಪಂದ್ಯ ಸೆಕೆಂಡಿಗೆ 60 ಫ್ರೇಮ್‌ನಲ್ಲಿ, ಅಂದರೆ ಸೆಕೆಂಡಿಗೆ 60 ಚಿತ್ರದಂತೆ ಓಡುತ್ತದೆ. ಚಿತ್ರದ ಸ್ಪಷ್ಟತೆ ಟಿವಿಗೆ ಹಾಕಿದರೆ 1080ಪಿ, ಕೈಯಲ್ಲಿ ಹಿಡಿದರೆ 720ಪಿ. ಫುಟ್‌ಬಾಲ್ ಆಟಕ್ಕೆ ಈ 60 ತುಂಬ ಮುಖ್ಯ. ಬಟನ್ ಒತ್ತಿದ್ದಕ್ಕೂ ಕಾಲು ಆಡಿದ್ದಕ್ಕೂ ನಡುವೆ ಎಳೆತ ಇರಬಾರದು. ಇಲ್ಲಿ ಇಲ್ಲ. ಪಾಸ್ ಕೊಟ್ಟರೆ ಚೆಂಡು ಹುಲ್ಲಿನ ಮೇಲೆ ತೂಕವಾಗಿ ಉರುಳುತ್ತದೆ. ಡಿಫೆಂಡರ್ ಭುಜ ಕೊಟ್ಟರೆ ನಮ್ಮವನು ಅರ್ಧ ಹೆಜ್ಜೆ ತಪ್ಪುತ್ತಾನೆ. ಮಂಡಿ ಮೇಲೆ ಯಂತ್ರ ಇಟ್ಟುಕೊಂಡು, ಪಕ್ಕದಿಂದ ಬಂದ ಕ್ರಾಸ್‌ಗೆ ತಲೆ ಕೊಟ್ಟು ಗೋಲ್ ಹೊಡೆದಾಗ, ಇದು ಕೈಯಲ್ಲಿ ಹಿಡಿಯುವ ಯಂತ್ರ ಅನ್ನುವುದೇ ಮರೆತುಹೋಗುತ್ತದೆ.

ಕೊರತೆ ಎಲ್ಲಿ ಕಾಣುತ್ತದೆ ಅಂದರೆ ಚೆಂಡು ನಿಂತಾಗ. ಆಟಗಾರರ ಮುಖ ಹತ್ತಿರದಿಂದ ತೋರಿಸಿದರೆ ಕೂದಲು ಅಂಟಿಸಿದ ಹಾಗಿರುತ್ತದೆ. ಸ್ಟ್ಯಾಂಡಿನಲ್ಲಿ ಕೂತ ಜನ ರಟ್ಟಿನ ಗೊಂಬೆಗಳ ಥರ. ರೀಪ್ಲೇ ಬಂದರೆ ಆ ನಯ ಹೋಗಿ ಫ್ರೇಮ್ ಅರ್ಧಕ್ಕೆ ಇಳಿಯುತ್ತದೆ. ನಾನಂತೂ ರೀಪ್ಲೇ ಬಂದ ತಕ್ಷಣ ಬಟನ್ ಒತ್ತಿ ಮುಂದಕ್ಕೆ ಓಡಿಸುತ್ತೇನೆ.

ಪರದೆ 6.2 ಇಂಚು. ಮಾಮೂಲಿ ಕ್ಯಾಮೆರಾದಲ್ಲಿ ಆಟಗಾರರು ಇರುವೆ ಸಾಲಿನ ಹಾಗೆ ಕಾಣುತ್ತಾರೆ. ಸೆಟ್ಟಿಂಗ್ಸ್‌ಗೆ ಹೋಗಿ ಕ್ಯಾಮೆರಾದ ಜೂಮ್ ಏರಿಸಿ, ಎತ್ತರ ಸ್ವಲ್ಪ ಇಳಿಸಿ. ಕಣ್ಣಿಗೆ ಆರಾಮ. ಕನ್ನಡಕ ಹಾಕುವವರು ಇದನ್ನು ಮೊದಲ ದಿನವೇ ಮಾಡಿಕೊಳ್ಳಿ.

ಇನ್ನು ಕೋಲು. ಸ್ವಿಚ್‌ನ ಎರಡೂ ಪಕ್ಕಕ್ಕೆ ಸಿಕ್ಕಿಸುವ ಕಂಟ್ರೋಲರ್‌ಗೆ ಜಾಯ್‌ಕಾನ್ ಅನ್ನುತ್ತಾರೆ. ಅದರ ಅನಲಾಗ್ ಕೋಲು ಪಿಎಸ್4 ಕಂಟ್ರೋಲರ್‌ನದಕ್ಕಿಂತ ಗಿಡ್ಡ. ಸ್ವಲ್ಪ ತಳ್ಳಿದರೂ ಪೂರ್ತಿ ಹೋಗಿಬಿಡುತ್ತದೆ. ಓರೆಯಾಗಿ ಕೊಡಬೇಕಾದ ಪಾಸ್ ನೇರ ಎದುರಾಳಿ ಕಾಲಿಗೆ ಹೋಗುವುದು ಇದರಿಂದಲೇ. ಎರಡು ಮೂರು ದಿನದಲ್ಲಿ ಹೆಬ್ಬೆರಳಿಗೆ ಅಭ್ಯಾಸವಾಗುತ್ತದೆ.

ಒಂದೇ ಯಂತ್ರದಲ್ಲಿ ಇಬ್ಬರು ಆಡಬಹುದಾ?

ಆಡಬಹುದು, ಮತ್ತು ಈ ಆಟದ ನಿಜವಾದ ಮಜಾ ಇರುವುದೇ ಅಲ್ಲಿ. ಎರಡೂ ಕಡೆಯ ಜಾಯ್‌ಕಾನ್ ಬಿಚ್ಚಿ ಒಂದೊಂದನ್ನು ಅಡ್ಡ ಹಿಡಿದರೆ ಎರಡು ಕಂಟ್ರೋಲರ್ ರೆಡಿ. ಬೇರೆ ಯಾವ ಯಂತ್ರದ ಫಿಫಾದಲ್ಲೂ ಇದು ಇರಲಿಲ್ಲ.

ಒಮ್ಮೆ ಹುಬ್ಬಳ್ಳಿಗೆ ಹೋಗುವ ರೈಲಿನಲ್ಲಿ ಅಕ್ಕನ ಮಗನ ಜೊತೆ ಆಡಿದ್ದು ನೆನಪಾಗುತ್ತದೆ. ಯಂತ್ರದ ಹಿಂದಿನ ಸ್ಟ್ಯಾಂಡ್ ಐಸ್‌ಕ್ರೀಮ್ ಕಡ್ಡಿಯಷ್ಟು ತೆಳ್ಳಗೆ, ರೈಲು ಅಲ್ಲಾಡಿದಾಗಲೆಲ್ಲ ಬೀಳುತ್ತದೆ. ಕೊನೆಗೆ ಚಕ್ಕುಲಿ ಡಬ್ಬಕ್ಕೆ ಒರಗಿಸಿ ಇಟ್ಟೆವು. ಅವನ ಪುಟ್ಟ ಕೈಗೆ ಆ ಅರ್ಧ ಕಂಟ್ರೋಲರ್ ಸರಿಯಾಗಿ ಕೂತಿತ್ತು. ನನ್ನ ಬೆರಳುಗಳಿಗೆ ಮೇಲಿನ ಎಸ್‌ಎಲ್, ಎಸ್‌ಆರ್ ಬಟನ್ ಸಿಗದೆ ಒದ್ದಾಡಿದೆ. ‘ಮಾಮ, ನೀವು ಸುಮ್ನೆ ಬಟನ್ ಒತ್ತಬೇಡಿ, ನೋಡಿ ಒತ್ತಿ’ ಅಂತ ಅವನ ಉಪದೇಶ. ತುಮಕೂರು ದಾಟುವ ಹೊತ್ತಿಗೆ 4–1. ನಾಲ್ಕು ಯಾರದ್ದು ಅಂತ ಹೇಳಬೇಕಿಲ್ಲ. ಎದುರು ಸೀಟಿನ ಹಿರಿಯರೊಬ್ಬರು ಪೇಪರ್ ಮಡಚಿಟ್ಟು, ಹುಡುಗನ ಕಡೆ ವಾಲಿಕೊಂಡು ನೋಡಲು ಶುರು ಮಾಡಿದ್ದರು.

ಒಂದು ಮಾತು. ಅರ್ಧ ಕಂಟ್ರೋಲರ್‌ನಲ್ಲಿ ಎರಡನೇ ಕೋಲು ಇಲ್ಲ. ಆ ಕೋಲಿನಲ್ಲಿ ಮಾಡುವ ಕಾಲ್ಚಳಕಗಳನ್ನು ಮರೆತುಬಿಡಿ. ಓಡು, ಪಾಸ್ ಕೊಡು, ಹೊಡಿ. ಹೊಸಬರಿಗೆ ಇದೇ ವಾಸಿ.

ಸ್ವಿಚ್ ಲೈಟ್‌ನಲ್ಲಿ?

ಆಡಬಹುದು. ಆದರೆ ಸ್ವಿಚ್‌ನ ಚಿಕ್ಕ ತಮ್ಮನಾದ ಲೈಟ್‌ನಲ್ಲಿ ಜಾಯ್‌ಕಾನ್ ಬಿಚ್ಚಲು ಬರುವುದಿಲ್ಲ, ಟಿವಿಗೂ ಹಾಕಲು ಬರುವುದಿಲ್ಲ. ಇಬ್ಬರು ಆಡಬೇಕು ಅಂದರೆ ಕಂಟ್ರೋಲರ್ ಬೇರೆ ತರಬೇಕು.

ಬೇರೆ ಊರಲ್ಲಿರುವ ಗೆಳೆಯನ ಜೊತೆ ಆನ್‌ಲೈನ್ ಆಡಬಹುದಾ?

ಫಿಫಾ 18ರಲ್ಲಿ ಇಲ್ಲ. ನಗಬೇಡಿ, ನಿಜ. ಗೊತ್ತಿಲ್ಲದವರ ಜೊತೆ ಆನ್‌ಲೈನ್ ಆಡಬಹುದಿತ್ತು, ಗೊತ್ತಿರುವವರನ್ನು ಕರೆಯಲು ಆಗುತ್ತಿರಲಿಲ್ಲ. ಒಂದೇ ಕೋಣೆಯಲ್ಲಿ ಎರಡು ಸ್ವಿಚ್ ಇದ್ದರೆ ವೈರ್‌ಲೆಸ್‌ನಲ್ಲಿ ಆಡಬಹುದು. ಗೆಳೆಯರ ಜೊತೆ ಆನ್‌ಲೈನ್ ಆಡುವ ಸೌಲಭ್ಯ ಬಂದಿದ್ದು ಮಾರನೇ ವರ್ಷದ ಫಿಫಾ 19ರಲ್ಲಿ. ಕಥೆ ಇಲ್ಲ, ಎಂಜಿನ್ ಇಲ್ಲ ಅನ್ನುವುದಕ್ಕೆ ಯಂತ್ರದ ಶಕ್ತಿ ಸಾಲದು ಅನ್ನಬಹುದು. ಗೆಳೆಯನಿಗೆ ಒಂದು ಕರೆ ಕಳಿಸಲು ಯಾವ ಶಕ್ತಿ ಬೇಕು? ನನ್ನ ಪ್ರಕಾರ ಈ ಆಟದ ದೊಡ್ಡ ತಪ್ಪು ಇದೇ.

ವಿಮರ್ಶಕರು ಏನಂದರು?

ಎರಡು ದನಿ ಇತ್ತು. ಒಂದು, ಕೈಯಲ್ಲಿ ಹಿಡಿದು ಆಡುವ ಫುಟ್‌ಬಾಲ್ ಆಟಗಳಲ್ಲಿ ಇಷ್ಟು ಚೆನ್ನಾಗಿ ಆಡಿಸಿಕೊಳ್ಳುವುದು ಹಿಂದೆ ಬಂದಿರಲಿಲ್ಲ ಅನ್ನುವುದು. ಎರಡು, ಪೂರ್ತಿ ಬೆಲೆ ಕೊಟ್ಟು ಅರ್ಧ ಆಟ ತಗೊಂಡ ಹಾಗಿದೆ ಅನ್ನುವುದು. ಒಂದೇ ವಿಮರ್ಶೆಯಲ್ಲಿ ಎರಡೂ ಇರುತ್ತಿತ್ತು. ಹಾಗಾಗಿ ಅಂಕಗಳು ಪಿಎಸ್4 ಆವೃತ್ತಿಗಿಂತ ಕಡಿಮೆ ಬಂದವು, ಆದರೂ ಮರ್ಯಾದೆ ಹೋಗುವಷ್ಟಲ್ಲ.

ಪಿಎಸ್4ನ ಪಕ್ಕ ಇಟ್ಟು ನೋಡಿದವರಿಗೆ ಇದು ಕಮ್ಮಿ ಅನ್ನಿಸಿತು. ವೀಟಾ, 3ಡಿಎಸ್ ಪಕ್ಕ ಇಟ್ಟು ನೋಡಿದವರಿಗೆ ಎಷ್ಟೋ ಮೇಲೆ ಅನ್ನಿಸಿತು. ಮನೆಯಲ್ಲಿ ಪಿಎಸ್4 ಇದ್ದವರು ಬೈದರು. ಸ್ವಿಚ್ ಒಂದೇ ಇದ್ದವರು ಮಾತಾಡದೆ ಆಡುತ್ತಾ ಕೂತರು.

ವಿಶ್ವಕಪ್ ಬಂತಾ?

ಬಂತು, ಪುಕ್ಕಟೆಯಾಗಿ. 2018ರ ಮೇ 29ರಂದು ರಷ್ಯಾ ವಿಶ್ವಕಪ್‌ನ 32 ತಂಡ, 12 ಸ್ಟೇಡಿಯಂ ಸಮೇತ ಅಪ್‌ಡೇಟ್ ಬಿಟ್ಟರು. ಸ್ವಿಚ್‌ಗೂ ಸಿಕ್ಕಿತು. ಆ ಜೂನ್‌ನಲ್ಲಿ ಟಿವಿಯಲ್ಲಿ ಪಂದ್ಯ ನೋಡುತ್ತಾ, ಹಾಫ್ ಟೈಮ್‌ನಲ್ಲಿ ಅದೇ ಎರಡು ತಂಡ ಇಟ್ಟುಕೊಂಡು ಕೈಯಲ್ಲಿ ಆಡಿದವರಿಗೆ ಅದರ ರುಚಿ ಗೊತ್ತು.

ಆಮೇಲೆ ಬಂದ ಫಿಫಾಗಳು ಹೇಗಿವೆ? ‘ಲೆಗಸಿ’ ಅಂದರೇನು?

ಫಿಫಾ 19 (2018) ಒಂದು ಹೆಜ್ಜೆ ಮುಂದೆ ಹೋಯಿತು. ಚಾಂಪಿಯನ್ಸ್ ಲೀಗ್ ಬಂತು, ಮೇಲೆ ಹೇಳಿದ ಗೆಳೆಯರ ಆನ್‌ಲೈನ್ ಬಂತು. ಹೀಗೇ ವರ್ಷ ವರ್ಷ ಒಂದೊಂದು ಸೇರಿಸುತ್ತಾ ಹೋಗುತ್ತಾರೆ ಅಂದುಕೊಂಡೆವು.

ಅಲ್ಲಿಗೆ ನಿಂತಿತು. 2019ರ ಫಿಫಾ 20ರಿಂದ ಸ್ವಿಚ್‌ಗೆ ಬಂದಿದ್ದೆಲ್ಲ ‘ಲೆಗಸಿ ಎಡಿಷನ್’. ನೇರವಾಗಿ ಹೇಳಬೇಕೆಂದರೆ ಹಳೇ ಆಟ, ಹೊಸ ಜೆರ್ಸಿ, ಹೊಸ ಆಟಗಾರರ ಪಟ್ಟಿ. ವೀಟಾದಲ್ಲಿ ಆಗಿದ್ದೇ ಮತ್ತೆ ಆಯಿತು. ಫಿಫಾ 21, 22, 23 ಎಲ್ಲವೂ ಅದೇ ರಾಗ, ಅದೇ ತಾಳ. ಲೆಗಸಿ ಅಂದರೆ ಪರಂಪರೆ ಅಂತ ಅರ್ಥ. ಇಲ್ಲಿ ಮಾತ್ರ ಹಳಸಲು ಅಂತ.

ಇದಕ್ಕೆ ಐಜಿಎನ್ ಅನ್ನುವ ಗೇಮ್ ವೆಬ್‌ಸೈಟ್‌ನ ವಿಮರ್ಶಕರು ಕೊಟ್ಟ ಉತ್ತರ ಚೆನ್ನಾಗಿತ್ತು. ಫಿಫಾ 21ರ ಸ್ವಿಚ್ ಆವೃತ್ತಿಗೆ ಹೊಸ ವಿಮರ್ಶೆ ಬರೆಯಲೇ ಇಲ್ಲ. ಫಿಫಾ 20ಕ್ಕೆ ಬರೆದಿದ್ದನ್ನೇ ಮತ್ತೆ ಹಾಕಿ ಹತ್ತಕ್ಕೆ ಎರಡು ಅಂಕ ಕೊಟ್ಟರು. ನೀವು ಹೊಸ ಆಟ ಮಾಡದಿದ್ದರೆ ನಾವ್ಯಾಕೆ ಹೊಸ ಮಾತು ಹುಡುಕಬೇಕು ಅನ್ನುವ ಲೆಕ್ಕ.

ಫಿಫಾ 20 ಹೀಗಿದೆ ಅಂತ ಗೊತ್ತಿಲ್ಲದೆ ಕೊಂಡವರನ್ನು ಏನೂ ಅನ್ನುವಂತಿಲ್ಲ. ಗೊತ್ತಿದ್ದೂ 21, 22, 23 ಕೊಂಡವರದು ಇರುಳು ಕಂಡ ಬಾವಿಗೆ ಹಗಲು ಬಿದ್ದ ಕಥೆ. ಅವರಲ್ಲಿ ನಾನೂ ಒಬ್ಬ, ಒಂದು ಸಲ. ಯಾವುದು ಅಂತ ಕೇಳಬೇಡಿ.

ಆ ಲೆಗಸಿ ಕಾಟ ಮುಗಿಯಿತಾ?

ಮುಗಿಯಿತು. ಇಎಗೂ ಫಿಫಾ ಸಂಸ್ಥೆಗೂ ಹೆಸರಿನ ವಿಷಯದಲ್ಲಿ ಹೊಂದದೆ ಬೇರೆಯಾದರು, ಅದನ್ನು 2022ರ ಮೇನಲ್ಲಿ ಹೇಳಿದರು. ಫಿಫಾ 23 ಆ ಹೆಸರಿನ ಕೊನೆಯ ಇಎ ಆಟ. 2023ರ ಸೆಪ್ಟೆಂಬರ್ 29ಕ್ಕೆ, ಫಿಫಾ 18 ಬಂದು ಸರಿಯಾಗಿ ಆರು ವರ್ಷಕ್ಕೆ, ‘ಇಎ ಸ್ಪೋರ್ಟ್ಸ್ ಎಫ್‌ಸಿ 24’ ಸ್ವಿಚ್‌ಗೆ ಬಂತು. ಅದರಲ್ಲಿ ಕೊನೆಗೂ ಫ್ರಾಸ್ಟ್‌ಬೈಟ್ ಇದೆ. ಆದರೆ ಅದಕ್ಕೆ ತೆತ್ತ ಬೆಲೆ ಸಣ್ಣದಲ್ಲ: ಆಟ ಓಡುವುದು 30 ಫ್ರೇಮ್‌ನಲ್ಲಿ. ನೋಡಲು ಲಕ್ಷಣ, ಆಡುವಾಗ ಹೆಬ್ಬೆರಳಿಗೆ ಸ್ವಲ್ಪ ಭಾರ. 2025ರಲ್ಲಿ ಬಂದ ಸ್ವಿಚ್ 2ಗೆ ಎಫ್‌ಸಿ 26 ಬಂದಿದೆ. ಹೊಸ ಯಂತ್ರ ಇದ್ದರೆ ನೇರ ಅದಕ್ಕೇ ಹೋಗಿ.

ಬೆಂಗಳೂರು ಎಫ್‌ಸಿ ಇದೆಯಾ?

ಫಿಫಾ 18ರಲ್ಲಿ ಇಲ್ಲ. ಇಂಡಿಯನ್ ಸೂಪರ್ ಲೀಗ್ ಈ ಸರಣಿಗೆ ಸೇರಿದ್ದು ಫಿಫಾ 22ರಲ್ಲಿ. ಸುನಿಲ್ ಛೆಟ್ರಿಯನ್ನು ನೀಲಿ ಜೆರ್ಸಿಯಲ್ಲಿ ಆಡಿಸಬೇಕು ಅನ್ನುವ ಆಸೆಗೆ ಅಲ್ಲಿಯವರೆಗೂ ಕಾಯಬೇಕಾಯಿತು. ಕಂಠೀರವದ ವೆಸ್ಟ್ ಬ್ಲಾಕ್‌ನಲ್ಲಿ ಕೂಗಿ ಗಂಟಲು ಕಟ್ಟಿಕೊಂಡವರಿಗೆ ಇದು ಸಣ್ಣ ವಿಷಯ ಅಲ್ಲ.

ಕನ್ನಡ ಕಾಮೆಂಟರಿ?

ಇಲ್ಲ. ಇಂಗ್ಲಿಷ್‌ನಲ್ಲಿ ಮಾರ್ಟಿನ್ ಟೈಲರ್, ಅಲನ್ ಸ್ಮಿತ್. ಹತ್ತು ಪಂದ್ಯ ಆಡಿದರೆ ಅವರ ಮಾತು ಬಾಯಿಪಾಠ. ನಮ್ಮ ಮನೆಯಲ್ಲಿ ದನಿ ಕಡಿಮೆ ಮಾಡಿ, ಪಕ್ಕದಲ್ಲಿ ಕೂತವರು ಕನ್ನಡದಲ್ಲಿ ಹೇಳುವ ಪದ್ಧತಿ ಇದೆ. ಬೈಗುಳ ಜಾಸ್ತಿ, ಕಾಮೆಂಟರಿ ಕಮ್ಮಿ.

ದುಬೈನಿಂದಲೋ ಅಮೆರಿಕದಿಂದಲೋ ತರಿಸಿದ ಆಟದ ಕಾರ್ಡ್ ಇಲ್ಲಿ ನಡೆಯುತ್ತಾ?

ನಡೆಯುತ್ತದೆ. ಸ್ವಿಚ್‌ಗೆ ದೇಶದ ಕಟ್ಟುಪಾಡು ಇಲ್ಲ. ಆಗೆಲ್ಲ ನಮ್ಮಲ್ಲಿ ಬಹಳ ಜನರ ಸ್ವಿಚ್ ಬಂದಿದ್ದೇ ಹೊರದೇಶದಲ್ಲಿರುವ ಅಣ್ಣನೋ ಭಾವನೋ ಸೂಟ್‌ಕೇಸ್‌ನಲ್ಲಿ ಇಟ್ಟುಕೊಂಡು ತಂದಿದ್ದರಿಂದ, ಇಲ್ಲವೇ ಹೊರಗಿನಿಂದ ತರಿಸಿ ಮಾರುವ ಅಂಗಡಿಗಳಿಂದ. ಚಾರ್ಜರ್ 100ರಿಂದ 240 ವೋಲ್ಟ್‌ವರೆಗೂ ತಡೆಯುತ್ತದೆ. ಪಿನ್ ಮಾತ್ರ ಚಪ್ಪಟೆ ಇದ್ದರೆ ಒಂದು ಕನ್ವರ್ಟರ್ ಸಾಕು.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಡಬ್ಬ ತೆರೆದು ನೋಡಿ ದುಡ್ಡು ಕೊಡಿ. ನಾನು ಒಂದು ಅಂಗಡಿಯಲ್ಲಿ ಹೊರಗಿನ ರೊನಾಲ್ಡೊನನ್ನು ಮಾತ್ರ ನೋಡಿ ತಂದೆ. ಮನೆಗೆ ಬಂದು ತೆರೆದರೆ ಒಳಗೆ ಕಾರ್ಡೇ ಇಲ್ಲ. ವಾಪಸ್ ಹೋದರೆ ‘ಆಗಲೇ ನೋಡಬೇಕಿತ್ತು ಸಾರ್’ ಅಂದರು.

ಕಾರ್ಡ್ ಹೆಬ್ಬೆರಳ ಉಗುರಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಮಕ್ಕಳು ಬಾಯಿಗೆ ಹಾಕಿಕೊಳ್ಳಬಾರದು ಅಂತ ಅದಕ್ಕೆ ಕಹಿ ಲೇಪ ಹಚ್ಚಿರುತ್ತಾರೆ. ನಾಲಿಗೆಗೆ ತಾಗಿಸಿ ನೋಡಿದ್ದೇನೆ. ಅದರ ಮುಂದೆ ಹಾಗಲಕಾಯಿ ಏನೂ ಅಲ್ಲ.

ಬ್ಯಾಟರಿ?

ಮೊದಲ ಸ್ವಿಚ್‌ಗೆ ನಿಂಟೆಂಡೊ ಹೇಳಿದ್ದು ಆಟಕ್ಕೆ ತಕ್ಕಂತೆ ಎರಡೂವರೆಯಿಂದ ಆರೂವರೆ ಗಂಟೆ. ಫಿಫಾ ಅದರಲ್ಲಿ ಕಮ್ಮಿ ಕಡೆಗೇ ಬೀಳುತ್ತದೆ ಅಂದುಕೊಂಡೇ ಹೊರಡಿ. ಪವರ್ ಬ್ಯಾಂಕ್ ಇಟ್ಟುಕೊಳ್ಳಿ.

ಸ್ವಿಚ್‌ನಲ್ಲಿ ಬೇರೆ ಫುಟ್‌ಬಾಲ್ ಇಲ್ಲವಾ?

ಫಿಫಾದ ಹಳೇ ಎದುರಾಳಿ, ಕೊನಾಮಿ ಕಂಪನಿಯ ಫುಟ್‌ಬಾಲ್ ಆಟ ಪಿಇಎಸ್ ಮೊದಲ ಸ್ವಿಚ್‌ಗೆ ಬರಲೇ ಇಲ್ಲ. ಹಾಗಾಗಿ ಇಎಗೆ ಎದುರಾಳಿ ಇರಲಿಲ್ಲ. ಲೆಗಸಿ ಹುಟ್ಟಲು ಇದೂ ಒಂದು ಕಾರಣ ಅಂತ ನನ್ನ ಅನುಮಾನ. ಗಲಾಟೆಯ ಆಟ ಬೇಕಾದರೆ 2022ರ ‘ಮಾರಿಯೋ ಸ್ಟ್ರೈಕರ್ಸ್: ಬ್ಯಾಟಲ್ ಲೀಗ್’ ಇದೆ. ಫೌಲ್ ಇಲ್ಲ, ರೆಫರಿ ಇಲ್ಲ, ಎದುರಾಳಿಯನ್ನು ಬೇಲಿಗೆ ಗುದ್ದಬಹುದು. ಚೆಂಡು ಮುಟ್ಟದೆ ತಂಡ ನಡೆಸುವ ಆಸೆ ಇದ್ದರೆ ‘ಫುಟ್‌ಬಾಲ್ ಮ್ಯಾನೇಜರ್ ಟಚ್’.

ಈಗ ಫಿಫಾ 18 ಕೊಳ್ಳಬೇಕಾ?

ಅಗ್ಗಕ್ಕೆ ಸಿಕ್ಕರೆ, ಮನೆಯಲ್ಲಿ ಇಬ್ಬರು ಆಡುವವರು ಇದ್ದರೆ, ಕೊಳ್ಳಿ. ಆನ್‌ಲೈನ್ ಲೆಕ್ಕಕ್ಕೇ ಇಡಬೇಡಿ. ಅಂಗಡಿಯವನು 18ರ ಬದಲು 20, 21 ತಗೊಳ್ಳಿ, ಹೊಸದು ಅಂದರೆ ನಕ್ಕು ಬಿಡಿ. ಆಟಗಾರರ ಪಟ್ಟಿ ಹಳೆಯದಾಯಿತು ಅಂತ ಚಿಂತೆ ಬೇಡ. ಇದರಲ್ಲಿ ಮೆಸ್ಸಿ ಇನ್ನೂ ಬಾರ್ಸಿಲೋನಾದಲ್ಲೇ ಇದ್ದಾನೆ, ರೊನಾಲ್ಡೊ ರಿಯಲ್ ಮ್ಯಾಡ್ರಿಡ್‌ನಲ್ಲಿ. ನನ್ನ ಅಕ್ಕನ ಮಗ ಈಗ ಕಾಲೇಜಿಗೆ ಹೋಗುತ್ತಾನೆ. ಮೊನ್ನೆ ದೀಪಾವಳಿಗೆ ಬಂದಾಗಲೂ ಅದೇ ಕಾರ್ಡ್ ಹುಡುಕಿ ತೆಗೆದ, ಅದೇ ಎರಡು ತಂಡ ಇಟ್ಟುಕೊಂಡೆವು. ಈ ಸಲ ಅರ್ಧ ಕಂಟ್ರೋಲರ್ ಅವನ ಕೈಗೂ ಚಿಕ್ಕದಾಗಿತ್ತು. ಆದರೂ 3–0.